ಗೆರೆಯಾಚೆ ಅರ್ಧ ಇಂಚು

ದೊಡ್ಡ ಡ್ರಮ್ಮಿನವರು ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಂಡರು. ಆದರೂ ಗುಂಡಿ ಕಾಜದ ಹತ್ತಿರಕ್ಕೆ ಬರಲಿಲ್ಲ. ಕೋಟಿನ ಎರಡು ಅಂಚುಗಳ ನಡುವೆ ಅಂಗೈಯಗಲದಷ್ಟು ಬಿಳಿ ಅಂಗಿ ಕಾಣುತ್ತಿತ್ತು.

"ನಾನೇನು ಒಂದು ವಾರದಲ್ಲಿ ಇಷ್ಟು ಊದಿಬಿಟ್ನಾ?" ಎಂದು ಅವರು ಯಾರ ಮುಖವನ್ನೂ ನೋಡದೆ ಕೇಳಿದರು.

ಬೇರೆ ದಿನವಾಗಿದ್ದರೆ ಹೊಲಿಗೆಯ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಆದರೆ ಪಕ್ಕದಲ್ಲಿ ನಿಂತಿದ್ದ ಕೊಳಲಿನವನ ಕೋಟೂ ಸೇರಿರಲಿಲ್ಲ, ಅವನೋ ಗಾಳಿ ಬೀಸಿದರೆ ಗೋಡೆ ಹಿಡಿದುಕೊಳ್ಳುವಂಥ ಕಡ್ಡಿ ಮನುಷ್ಯ. ಅವನ ಆಚೆ ಕಹಳೆಯವರು ನಾಲ್ಕು ಜನ, ತೋಳನ್ನು ಎತ್ತಲೂ ಆಗದೆ ಇಳಿಸಲೂ ಆಗದೆ ಗೊಂಬೆಗಳ ಹಾಗೆ ನಿಂತಿದ್ದರು. ಇಪ್ಪತ್ನಾಲ್ಕು ಕೋಟು ಹೊಲಿದಿದ್ದೆವು. ಇಪ್ಪತ್ನಾಲ್ಕರಲ್ಲಿ ಒಂದೂ ಮೈಗೆ ಆಗಲಿಲ್ಲ.

ಆಗ ಬೆಳಗಿನ ಹತ್ತು ಗಂಟೆ. ಮರುದಿನ ಬೆಳಗ್ಗೆ ಎಂಟಕ್ಕೆ ಪಂದ್ಯ.

ಈ ಪಂದ್ಯದ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಹೊಲಿಗೆ ಕಾರ್ಖಾನೆ ಇರುವುದು ಹೊಳೆಯಿಂದ ಮೂರನೇ ಬೀದಿಯಲ್ಲಿ. ಹೊಳೆ ದಾಟಿದರೆ ಬೇರೆ ರಾಜ್ಯ. ಸೇತುವೆಯ ಮೇಲೆ ನಡೆದರೆ ಹತ್ತು ನಿಮಿಷ ಸಾಕು, ಆದರೆ ನಮ್ಮವರ ಬಾಯಲ್ಲಿ ಕೇಳಿದರೆ ಆಚೆ ಇರುವವರು ಬೇರೆ ಲೋಕದವರೇ. ಆಚೆಯವರು ನಗುನಗುತ್ತಲೇ ಜೇಬಿಗೆ ಕೈ ಹಾಕುತ್ತಾರಂತೆ. ನೆಂಟರಿಗೆ ನೀರು ಕೊಡುವಾಗಲೂ ಲೋಟ ಎಣಿಸುತ್ತಾರಂತೆ. ನಮ್ಮ ಬಗ್ಗೆ ಅವರು ಹೇಳುವುದೂ ಕಡಿಮೆಯೇನಲ್ಲ. ಈಚೆಯವರು ಎದ್ದು ಕಣ್ಣುಜ್ಜಿಕೊಳ್ಳುವ ಹೊತ್ತಿಗೆ ಮಧ್ಯಾಹ್ನ, ಮಿಕ್ಕ ಅರ್ಧ ದಿನ ಜಗಳಕ್ಕೆ ಸಾಲದು ಎನ್ನುತ್ತಾರೆ. ವರ್ಷಕ್ಕೊಮ್ಮೆ ಎರಡು ರಾಜ್ಯಗಳ ವಾದ್ಯದ ತಂಡಗಳು ಒಂದೇ ಮೈದಾನದಲ್ಲಿ ನಿಂತು ಬಾರಿಸುತ್ತವೆ, ಒಬ್ಬರು ಗೆಲ್ಲುತ್ತಾರೆ. ಮೂರು ವರ್ಷದಿಂದ ಅವರೇ ಗೆಲ್ಲುತ್ತಿದ್ದರು. ಹೋದ ವರ್ಷ ಸೋತದ್ದು ಸಾಲದೆಂಬಂತೆ ಕೋಟಿನಿಂದಲೂ ಮಾನ ಹೋಗಿತ್ತು. ರಾಜಧಾನಿಯಲ್ಲಿ ಹೊಲಿಸಿ ತಂದ ಕೋಟುಗಳು ಒಂದರೊಳಗೆ ಇಬ್ಬರು ಹೋಗುವಷ್ಟು ಸಡಿಲ. ಗಾಳಿ ಬೀಸಿದಾಗಲೆಲ್ಲ ಉಬ್ಬುತ್ತಿದ್ದವು. ಮುಂದಿನ ಸಾಲಿನಲ್ಲಿ ಕೂತಿದ್ದ ಆಚೆಯವರು "ಗೋಣಿಚೀಲ, ಗೋಣಿಚೀಲ" ಎಂದು ತಾಳ ಹಾಕಿದರು. ಅದರ ಚಿತ್ರ ಪತ್ರಿಕೆಯಲ್ಲೂ ಬಂತು.

ಈ ವರ್ಷ ಪಂದ್ಯ ನಮ್ಮೂರಿನಲ್ಲೇ. ಕೋಟು ಹೊಲಿಯುವ ಕೆಲಸ ನಮ್ಮ ಕಾರ್ಖಾನೆಗೇ ಬಂತು. ನಮ್ಮ ರಾಜ್ಯದ ಬಣ್ಣವೆಂದು ಬೇರೆಯಾಗಿ ಬಣ್ಣ ಹಾಕಿಸಿದ ಬಟ್ಟೆ, ಅಳೆದು ತೂಗಿ ಕಳಿಸಿದ್ದರು. ಅದು ಮುಗಿದರೆ ಆ ಬಣ್ಣದ ಒಂದು ಗೇಣು ಬಟ್ಟೆ ಎಲ್ಲೂ ಸಿಗುವುದಿಲ್ಲ.

ಬಟ್ಟೆಯ ಜೊತೆಗೇ ತಂಡದ ಅಭಿಮಾನಿ ಸಂಘದ ಅಧ್ಯಕ್ಷರು ಬಂದರು. ಊರೆಲ್ಲ ಅವರನ್ನು ಕರೆಯುವುದು ಮೈಕು ಎಂದು. ಪಕ್ಕದಲ್ಲಿ ನಿಂತವರ ಹತ್ತಿರವೂ ಮೈದಾನದ ಕೊನೆಯ ಸಾಲಿಗೆ ಕೇಳುವಂತೆ ಮಾತಾಡುತ್ತಾರೆ. ಅವರು ಬಂದವರೇ ಕತ್ತರಿಸುವ ಮೇಜಿನ ಹತ್ತಿರ ನಿಂತು ನಮ್ಮ ಕಟಿಂಗ್ ಮಾಸ್ಟರನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಇವರು ಆಚೆಯವರಲ್ವಾ?"

ಕಾರ್ಖಾನೆಯ ಯಜಮಾನರು ಕೈ ಹೊಸಕಿಕೊಂಡರು. "ಹದಿನೆಂಟು ವರ್ಷದಿಂದ ಇಲ್ಲೇ ಇದ್ದಾರೆ ಸಾರ್."

"ಎಷ್ಟು ವರ್ಷ ಇದ್ರೇನು? ನಮ್ಮ ರಾಜ್ಯದ ಕೋಟಿಗೆ ಆಚೆಯವನ ಅಳತೆನಾ? ನಾಳೆ ಅವರ ಕಡೆಯವರು ಕೇಳಿದ್ರೆ ನಮ್ಮ ಮುಖ ಎಲ್ಲಿಟ್ಕೊಳ್ಳೋಣ?"

ಮಾಸ್ಟರ್ ಸೀಮೆಸುಣ್ಣದ ಬಿಲ್ಲೆಯನ್ನು ಮೇಜಿನ ಮೇಲಿಟ್ಟರು.

ಕೊನೆಗೆ ಹೀಗೆಂದು ತೀರ್ಮಾನವಾಯಿತು. ಅಳತೆ ತೆಗೆಯುವುದು, ಬಟ್ಟೆಯ ಮೇಲೆ ಗೆರೆ ಹಾಕುವುದು ನಮ್ಮವರೇ ಮಾಡಬೇಕು. ಅಂಥ ದಪ್ಪ ಬಟ್ಟೆಯನ್ನು ಆರು ಮಡಿಕೆ ಸೇರಿಸಿ ಕತ್ತರಿಸುವ ಕೈ ಮಾಸ್ಟರ್ ಒಬ್ಬರದೇ ಆದ್ದರಿಂದ ಕತ್ತರಿ ಮಾತ್ರ ಅವರ ಕೈಯಲ್ಲಿರಬಹುದು. ಗೆರೆ ಹಾಕಲು ಯಜಮಾನರು ಆರಿಸಿದ್ದು ನನ್ನ ಮಗನನ್ನು. ಪಂದ್ಯ ಗೆದ್ದ ಮೇಲೆ ಕಟಿಂಗ್ ಮೇಜೇ ಅವನದಾಗಬಹುದೆಂದು ಮೈಕು ಅವನ ಬೆನ್ನು ತಟ್ಟಿದರು. ಅದೂ ಮಾಸ್ಟರಿಗೆ ಕೇಳುವಂತೆಯೇ.

ಒಬ್ಬರೇ ಮಾಡುವ ಕೆಲಸವನ್ನು ಹೀಗೆ ಇಬ್ಬರ ಕೈಗೆ ಹರಿದು ಹಂಚಿದ್ದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಅದೂ ಮಾತು ಬಿಟ್ಟ ಇಬ್ಬರಿಗೆ. ಹೋದ ವರ್ಷ ಸೋತ ಮರುದಿನ ಚಹಾದ ಹೊತ್ತಿನಲ್ಲಿ ಮಗ ಆಚೆಯವರ ಕಳ್ಳಬುದ್ಧಿಯ ಬಗ್ಗೆ ಏನೋ ಅಂದ. ಮಾಸ್ಟರ್ ಲೋಟದಿಂದ ತುಟಿ ತೆಗೆಯದೆ, "ನಿಮ್ಮವರ ಕೋಟು ನೋಡಿ ನಕ್ಕೂ ನಕ್ಕೂ ವಾದ್ಯ ಕೇಳಿಸ್ಲೇ ಇಲ್ಲ ಕಣಪ್ಪ" ಎಂದರು. ಅಷ್ಟೇ. ಅಂದಿನಿಂದ ಇಬ್ಬರ ನಡುವೆ ಒಂದಕ್ಷರವಿಲ್ಲ. ದಾರದ ಬಾಬಿನ್ ಬೇಕಾದರೂ ನನ್ನ ಮೂಲಕವೇ ಕೇಳುತ್ತಿದ್ದರು. "ಅಮ್ಮ, ಅವರಿಗೆ ಹೇಳು." "ಅಕ್ಕಾ, ನಿಮ್ಮ ಮಗನಿಗೆ ಹೇಳಿ." ನಾನು ಕಾಜ ಹಾಕುವವಳು, ಗುಂಡಿ ಹೊಲಿಯುವವಳು, ಕೊನೆಗೆ ಪ್ರತಿ ಹೊಲಿಗೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುವವಳು. ಅದರ ಮೇಲೆ ಈ ಟಪಾಲಿನ ಕೆಲಸ ಬೇರೆ.

ಕತ್ತರಿಸಲು ಶುರು ಮಾಡಿದ್ದು ಮಂಗಳವಾರ. ಮೂರು ಕೋಟಿನ ಬಟ್ಟೆ ಕತ್ತರಿಸಿದ ಮೇಲೆ ಮಾಸ್ಟರ್ ಕತ್ತರಿ ನಿಲ್ಲಿಸಿದರು. ಬೆನ್ನಿನ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ದೂರದಿಂದ ನೋಡಿದರು. ನನ್ನನ್ನು ಕರೆದರು.

"ಅಕ್ಕಾ, ಒಂದು ಮಾತು ಕೇಳ್ಕೊಂಡು ಬರ್ತೀರಾ? ಹೊಲಿಗೆಗೆ ಬೇಕಾದ ಅರ್ಧ ಇಂಚು ಈ ಗೆರೆಯ ಒಳಗೇ ಸೇರಿದೆಯಾ, ಇಲ್ಲ ನಾನು ಆಚೆ ಬಿಡ್ಬೇಕಾ ಅಂತ. ಬೆನ್ನು ಕಿರಿದು ಅನ್ನಿಸ್ತಿದೆ."

ನಾನು ಹೊರಟೆ. ಮಗ ಇಸ್ತ್ರಿ ಮೇಜಿನ ಹತ್ತಿರ ನಿಂತಿದ್ದ. ಮೈಕು ಅವನ ಹೆಗಲ ಮೇಲೆ ಕೈ ಹಾಕಿಕೊಂಡು, "ಅಳತೆ ವಿಷಯದಲ್ಲಿ ಆ ಮನುಷ್ಯ ಒಂದೇ ಒಂದು ಮಾತೆತ್ತಿದ್ರೆ ನಂಗೆ ಬಂದು ಹೇಳು, ಅವತ್ತೇ ಸೇತುವೆ ದಾಟಿಸ್ತೀನಿ" ಎನ್ನುತ್ತಿದ್ದರು. ಮಗ ತಲೆಯಾಡಿಸುತ್ತಿದ್ದ. ನಾನು ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತೆ. ಈಗ ಈ ಪ್ರಶ್ನೆ ಕೇಳಿದರೆ ಏನಾಗುತ್ತದೆ ಎಂಬುದು ಕಣ್ಣಿಗೆ ಕಟ್ಟಿದಂತಿತ್ತು. ಹಿಂದಿನ ದಿನವಷ್ಟೇ ಟೇಪಿನ ವಿಷಯಕ್ಕೆ ಮಗನೂ ಮಾಸ್ಟರೂ ಮಾತಿಲ್ಲದೆಯೇ ಕೈ ಕೈ ಮಿಲಾಯಿಸುವಷ್ಟಕ್ಕೆ ಹೋಗಿದ್ದರು.

ಅದೂ ಅಲ್ಲದೆ, ಕೇಳುವುದೇನಿದೆ ಎಂದುಕೊಂಡೆ. ಹದಿನೆಂಟು ವರ್ಷದಿಂದ ಮಾಸ್ಟರ್ ಗೆರೆ ಹಾಕುವುದನ್ನೂ ಆ ಗೆರೆಯ ಮೇಲೇ ಅವರ ಕತ್ತರಿ ಓಡುವುದನ್ನೂ ನೋಡಿದ್ದೇನೆ. ಲೋಕದಲ್ಲಿ ಎಲ್ಲರೂ ಹಾಗೇ ಎಂದು ನನ್ನ ಎಣಿಕೆ.

ತಿರುಗಿ ಬಂದೆ. "ಎಲ್ಲಾ ಸೇರಿಸೇ ಹಾಕಿದ್ದಾನಂತೆ ಮಾಸ್ಟ್ರೇ. ನೀವು ಕತ್ತರಿಸಿ" ಎಂದೆ.

"ಕೇಳಿದ್ರಾ?"

"ಹೂಂ, ಕೇಳ್ದೆ."

ಮಾಸ್ಟರ್ ಕತ್ತರಿ ಎತ್ತಿಕೊಂಡರು.

ಕೋಟು ಮೈಗೆ ಬಿಗಿಯಾಗಿ ಕೂರಬೇಕೆಂದು ಎಲ್ಲರೂ ಹೇಳಿದ್ದರಿಂದ, ಕಾಜ ಹಾಕುವಾಗ ಕಿರಿದು ಕಂಡರೂ ಇದೇ ಈ ಸಲದ ಅಂದ ಎಂದುಕೊಂಡು ಸುಮ್ಮನಿದ್ದೆ. ಇದೇ ಮಾತನ್ನು ನನಗೆ ನಾನೇ ಇಪ್ಪತ್ನಾಲ್ಕು ಸಲ ಹೇಳಿಕೊಂಡಿರಬೇಕು.

ಈಗ ಆ ಕೋಟುಗಳನ್ನು ಹಾಕಿಕೊಂಡು ಆ ಇಪ್ಪತ್ನಾಲ್ಕು ಜನರೂ ನಮ್ಮ ಮುಂದೆ ನಿಂತಿದ್ದರು.

ಮೈಕಿಗೆ ಹೇಳಿಕಳಿಸುವ ಅಗತ್ಯವೇ ಬೀಳಲಿಲ್ಲ. ವಾದ್ಯದವರ ಜೊತೆಗೇ ಬಂದಿದ್ದರು. ಸಂಘದ ಮೂವತ್ತು ನಲವತ್ತು ಜನ ಬಾವುಟ ಹಿಡಿದು ಹೊರಗೆ ಬೀದಿಯಲ್ಲಿ ಕಾಯುತ್ತಿದ್ದರು, ಹೊಸ ಕೋಟು ಹಾಕಿದ ತಂಡವನ್ನು ಊರು ಸುತ್ತಿಸಬೇಕೆಂದು. ಮೈಕು ಒಂದು ಕೋಟನ್ನು ಎತ್ತಿ ಯಜಮಾನರ ಮುಖದ ಮುಂದೆ ಹಿಡಿದರು.

"ಏನ್ರೀ ಇದು? ಮಕ್ಕಳ ಕೋಟಾ?"

ನನ್ನ ಮಗ ಕೋಟನ್ನು ಅವರ ಕೈಯಿಂದ ಕಿತ್ತುಕೊಂಡ. ಮೇಜಿನ ಮೇಲೆ ಹರಡಿ ಒಳಪದರದ ಅಸ್ತರಿಯ ಹೊಲಿಗೆ ಬಿಚ್ಚಿ ಒಳಗೆ ಟೇಪು ಹಿಡಿದ. ಅವನ ಕಿವಿ ಕೆಂಪಾಗತೊಡಗಿತು. ಇನ್ನೊಂದು ಕೋಟು ತೆಗೆದ. ಅಲ್ಲಿಯೂ ಅದೇ.

"ಗೆರೆ ಮೇಲೇ ಕತ್ತರಿಸಿದ್ದಾರೆ" ಎಂದ. ದನಿ ಸೀಳಿಹೋಗಿತ್ತು. "ಹೊಲಿಗೆಗೆ ಬಟ್ಟೆನೇ ಬಿಟ್ಟಿಲ್ಲ! ಬೆನ್ನಿಗೊಂದು ಹೊಲಿಗೆ, ಪಕ್ಕಕ್ಕೆ ಎರಡು. ಆರು ಅಂಚು, ಅರ್ಧರ್ಧ ಇಂಚು. ಮೂರು ಇಂಚು ತಿಂದುಹಾಕಿದ್ದಾರೆ ಒಂದೊಂದು ಕೋಟಲ್ಲೂ. ಗೆರೆ ಬಿಟ್ಟು ಅರ್ಧ ಇಂಚು ಆಚೆ ಕತ್ತರಿಸ್ಬೇಕು ಅನ್ನೋದು ಕತ್ತರಿ ಹಿಡಿಯೋ ಯಾವನಿಗೆ ಗೊತ್ತಿಲ್ಲ? ಮಾವ ನಂಗೆ ಮೊದಲ ದಿನವೇ ಕಲಿಸಿದ್ದು ಅದನ್ನೇ!"

ನನ್ನ ತಮ್ಮನ ಅಂಗಡಿಯಲ್ಲೇ ಅವನು ಕೆಲಸ ಕಲಿತದ್ದು. ಅಲ್ಲಿ ಗೆರೆ ಸೂಜಿಗೆ, ಕತ್ತರಿ ಅದರಾಚೆ. ನಮ್ಮ ಮಾಸ್ಟರಿಗೆ ಗೆರೆ ಕತ್ತರಿಗೆ, ಸೂಜಿ ಅದರೊಳಗೆ. ಇದು ನನಗೆ ಹೊಳೆದದ್ದು ಆ ಕ್ಷಣದಲ್ಲಿ. ಕೈಯಲ್ಲಿದ್ದ ಸೂಜಿಯನ್ನು ದಿಂಬಿಗೆ ಚುಚ್ಚಲು ಹೋಗಿ ಬೆರಳಿಗೆ ಚುಚ್ಚಿಕೊಂಡೆ.

ಮಾಸ್ಟರ್ ಮುಂದೆ ಬಂದರು. "ನಮ್ಮಲ್ಲಿ ಗೆರೆ ಮೇಲೇನೇ ಕತ್ತರಿಸೋದು" ಎಂದರು ಮೆಲ್ಲಗೆ.

ಆ ಒಂದು ಪದ ಬಾಯಿಗೆ ಬರದಿದ್ದರೆ ಚೆನ್ನಾಗಿತ್ತು.

"ನಮ್ಮಲ್ಲಿ!" ಮೈಕು ಹೊರಗಿನವರಿಗೂ ಕೇಳುವಂತೆ ಕೂಗಿದರು. "ಕೇಳಿದ್ರಾ? ನಮ್ಮಲ್ಲಂತೆ! ಹದಿನೆಂಟು ವರ್ಷ ಇಲ್ಲಿಯ ಅನ್ನ ತಿಂದು ಇನ್ನೂ 'ನಮ್ಮಲ್ಲಿ' ಅಂದ್ರೆ ಹೊಳೆಯಾಚೆ! ಹೋದ ವರ್ಷ ಗೋಣಿಚೀಲ ಅಂತ ನಕ್ಕರು. ಈ ವರ್ಷ ಗುಂಡಿ ಹಾಕ್ಕೊಳ್ಳೋಕಾಗದೆ ಎದೆ ತೋರಿಸ್ಕೊಂಡು ನಿಲ್ಲಿ ಅಂತ. ಲೆಕ್ಕ ಹಾಕಿ ಮಾಡಿದ ಕೆಲಸ ಇದು!"

"ಬೇಕಂತ ಮಾಡಿಲ್ಲ ನಾನು."

"ಗೊತ್ತಾಗದಿದ್ರೆ ಕೇಳ್ಬೇಕಿತ್ತು ತಾನೆ?" ಎಂದರು ಯಜಮಾನರು. ಅವರ ದನಿಯಲ್ಲಿ ಸಿಟ್ಟಿಗಿಂತ ಅಳುವೇ ಹೆಚ್ಚಿತ್ತು. "ಬಾಯಿ ಬಿಟ್ಟು ಒಂದು ಮಾತು, ಮಾಸ್ಟ್ರೇ. ಒಂದೇ ಮಾತು ಕೇಳ್ಬಾರದಿತ್ತಾ?"

ಮಾಸ್ಟರ್ ಬಾಯಿ ತೆರೆದರು. ನನ್ನ ಕಡೆ ನೋಡಿದರು. ಒಂದು ಸಲ ರೆಪ್ಪೆ ಬಡಿಯುವಷ್ಟು ಹೊತ್ತು. ಆಮೇಲೆ ನನ್ನ ಪಕ್ಕದಲ್ಲಿ ನಿಂತ ಮಗನನ್ನು ನೋಡಿದರು. ಬಾಯಿ ಮುಚ್ಚಿತು.

"ಕೇಳ್ಬೇಕಿತ್ತು. ತಪ್ಪಾಯ್ತು" ಎಂದರು.

ಹೇಳಬೇಕೆಂದುಕೊಂಡೆ, ಆದರೆ ಬೆರಳಿನ ರಕ್ತವನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತೆ. ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಅದು ಹೋಗಲಿ. ಇಷ್ಟು ಜನರ ಮುಂದೆ, ಮೈಕಿನ ಮುಂದೆ, ಹೆತ್ತ ತಾಯಿಯೇ ಆಚೆಯವನ ಪರ ನಿಂತಳೆಂದು ಮಗನಿಗೆ ಆಗುವ ಅವಮಾನ? ಎರಡು ವಾರದಿಂದ ಅವನು ಮನೆಯಲ್ಲಿ ಊಟಕ್ಕೆ ಕೂತಾಗಲೂ ಕಟಿಂಗ್ ಮೇಜಿನ ಮಾತೇ ಆಡುತ್ತಿದ್ದ. ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ತೋಳಿನ ಸುತ್ತು ಬರೆದು ತೋರಿಸುತ್ತಿದ್ದ.

ಮೈಕು ಒಂದು ಹಾಳೆ ತರಿಸಿದರು. ನಿಂತಲ್ಲೇ ಬರೆದರು, ಬರೆಯುತ್ತ ಗಟ್ಟಿಯಾಗಿ ಓದಿದರು. "ಹೊಳೆಯಾಚೆಯ ರಾಜ್ಯದವನಾದ ನಾನು, ಈ ರಾಜ್ಯದ ತಂಡಕ್ಕೆ ಅವಮಾನ ಆಗಲಿ ಎಂಬ ಉದ್ದೇಶದಿಂದಲೇ ಕೋಟುಗಳನ್ನು ಕಿರಿದಾಗಿ ಕತ್ತರಿಸಿರುತ್ತೇನೆ. ಹಾಕಪ್ಪಾ ಸಹಿ."

"ಇದು ನಿಜ ಅಲ್ಲ" ಎಂದರು ಮಾಸ್ಟರ್.

"ಹೊರಗೆ ಹೋಗಿ ಅವರಿಗೇ ಹೇಳು ಹಂಗಾದ್ರೆ."

ಹೊರಗೆ ಸುದ್ದಿ ಆಗಲೇ ಮುಟ್ಟಿತ್ತು. ಕಬ್ಬಿಣದ ಬಾಗಿಲಿಗೆ ಯಾರೋ ಬಾವುಟದ ಕೋಲಿನಿಂದ ಬಡಿಯುತ್ತಿದ್ದರು, ಒಂದೇ ಸಮನೆ, ಅವಸರವಿಲ್ಲದೆ. ಹನ್ನೆರಡು ಹೊಲಿಗೆ ಯಂತ್ರಗಳೂ ನಿಂತಿದ್ದವು. ಆ ಬಡಿತ ಬಿಟ್ಟರೆ ಇನ್ನೊಂದು ಸದ್ದಿಲ್ಲ. ಕಿಟಕಿಯ ಹತ್ತಿರದ ಹೆಂಗಸು ಎದ್ದು ಬಾಗಿಲ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ನೋಡಿ ಬಂದಳು.

ಯಜಮಾನರು ಮಾಸ್ಟರ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಸಹಿ ಹಾಕ್ಬಿಡಿ ಮಾಸ್ಟ್ರೇ. ಹಿತ್ತಲ ಬಾಗಿಲಿಂದ ಕಳಿಸ್ತೀನಿ. ಇವತ್ತೇ ಮನೆಯವರನ್ನ ಕರ್ಕೊಂಡು ದಾಟ್ಬಿಡಿ. ಪ್ರಾಣ ಇದ್ರೆ ಕತ್ತರಿ ಎಲ್ಲಾದ್ರೂ ಸಿಗುತ್ತೆ."

"ದಾಟಿ ಎಲ್ಲಿಗೆ ಹೋಗ್ಲಿ? ಮಗಳು ಹುಟ್ಟಿದ್ದೇ ಇಲ್ಲಿ. ಮುಂದಿನ ವಾರ ಅವಳಿಗೆ ಪರೀಕ್ಷೆ. ಆಚೆ ಹೋದ್ರೆ ನಮ್ಮನ್ನ ಈಚೆಯವರು ಅಂತಾರೆ."

"ಅದೆಲ್ಲಾ ಆಮೇಲೆ. ಈಗ ಸಹಿ ಹಾಕಿ."

ಮಾಸ್ಟರ್ ಪೆನ್ನು ತೆಗೆದುಕೊಂಡರು. ಮುಚ್ಚಳ ತೆಗೆದರು. ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಅಕ್ಷರ ಅಕ್ಷರವಾಗಿ ಓದತೊಡಗಿದರು. ಬಟ್ಟೆಯಲ್ಲಿ ನೂಲು ಬಿಟ್ಟಿದೆಯೇ ಎಂದು ನೋಡುವ ಹಾಗೆ. ಅವರ ಎಡಗೈ ಹಾಳೆಯ ಅಂಚನ್ನು ಒತ್ತಿಹಿಡಿದಿತ್ತು, ಬಲಗೈಯ ಪೆನ್ನು ಕೊನೆಯ ಸಾಲಿನ ಕೆಳಗೆ ಬಂದು ನಿಂತಿತು.

"ಅವರು ಕೇಳಿದ್ರು" ಎಂದೆ.

ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಅಂದೆ. "ಮಾಸ್ಟರ್ ಕೇಳಿದ್ರು. ಮಂಗಳವಾರ. ಅರ್ಧ ಇಂಚು ಗೆರೆಯ ಒಳಗಿದೆಯಾ, ಆಚೆ ಬಿಡ್ಬೇಕಾ ಅಂತ ಕೇಳ್ಕೊಂಡು ಬನ್ನಿ ಅಂತ ನನ್ನನ್ನೇ ಕಳಿಸಿದ್ರು. ನಾನು ಕೇಳ್ಲಿಲ್ಲ. ಕೇಳಿದೆ ಅಂತ ಸುಳ್ಳು ಹೇಳ್ದೆ."

"ಅಕ್ಕಾ, ಬಿಡಿ" ಎಂದರು ಮಾಸ್ಟರ್, ತಲೆಯೆತ್ತದೆ.

"ನೀವು ಪೆನ್ನು ಕೆಳಗಿಡಿ ಮೊದ್ಲು."

ಮೈಕು ನಕ್ಕರು. "ಭೇಷ್. ಆಚೆಯವನು ಏನು ಕೊಟ್ಟ ಅಜ್ಜಿ ನಿಮಗೆ?"

ಮಗ ಅವರನ್ನು ತಡೆದು ನನ್ನ ಮುಂದೆ ಬಂದು ನಿಂತ. ಅವನ ಮುಖ ಸುಟ್ಟ ಇಟ್ಟಿಗೆಯ ಹಾಗಿತ್ತು.

"ನಾನೆಲ್ಲಿದ್ದೆ ಆಗ? ನನ್ನನ್ಯಾಕೆ ಕೇಳ್ಲಿಲ್ಲ ನೀನು?"

"ಇಸ್ತ್ರಿ ಮೇಜಿನ ಹತ್ರ ಇದ್ದೆ. ಇವರು ನಿನ್ನ ಹೆಗಲ ಮೇಲೆ ಕೈ ಹಾಕಿದ್ರು. ಅಳತೆ ವಿಷಯ ಅವನು ಒಂದು ಮಾತೆತ್ತಿದ್ರೆ ಸೇತುವೆ ದಾಟಿಸ್ತೀನಿ ಅಂತಿದ್ರು. ನೀನು ಹೂಂ ಅಂತ ತಲೆಯಾಡಿಸ್ತಿದ್ದೆ. ಆ ಹೊತ್ತಲ್ಲಿ ಮಾಸ್ಟರ ಮಾತು ನಾನು ನಿನ್ನ ಮುಂದೆ ಎತ್ತಿದ್ರೆ ಏನ್ ಮಾಡ್ತಿದ್ದೆ ನೀನು? ಹೇಳು. ಸರಿಯಾಗಿ ಉತ್ತರ ಕೊಡ್ತಿದ್ಯಾ?"

ಮಗ ಕೈಯಲ್ಲಿದ್ದ ಟೇಪನ್ನು ಮೇಜಿನ ಮೇಲೆ ಹಾಕಿದ.

"ಹದಿನೆಂಟು ವರ್ಷ ಮಾಸ್ಟರ ಗೆರೆ ನೋಡ್ಕೊಂಡು ಬಂದಿದ್ದೀನಿ. ಎಲ್ಲರ ಗೆರೆನೂ ಅದೇ ಥರ ಅನ್ಕೊಂಡೆ. ತಪ್ಪು ಮಾಡಿದ್ದು ನಾನು. ಆ ಹಾಳೆಯಲ್ಲಿ ಯಾರ ಹೆಸರಾದ್ರೂ ಬರೀಬೇಕು ಅಂದ್ರೆ ನಂದು ಬರೀರಿ."

ಬಾಗಿಲ ಮೇಲಿನ ಬಡಿತ ಜೋರಾಯಿತು. ಮೈಕು ಸುತ್ತ ನೋಡಿದರು. ಇಪ್ಪತ್ನಾಲ್ಕು ಜನ ವಾದ್ಯದವರು, ಹನ್ನೆರಡು ಯಂತ್ರಗಳ ಹಿಂದೆ ಹನ್ನೆರಡು ಜನ, ಎಲ್ಲರೂ ಅವರನ್ನೇ ನೋಡುತ್ತಿದ್ದರು.

"ನೀವು ಹಾಗೆ ಹೇಳಿದ್ದು ಹೌದಾ ಸಾರ್?" ದೊಡ್ಡ ಡ್ರಮ್ಮಿನವರು ಕೇಳಿದರು. ತೆರೆದ ಕೋಟಿನಲ್ಲೇ ನಿಂತಿದ್ದರು ಇನ್ನೂ.

"ಹೇಳಿದ್ದೆ. ಅದಕ್ಕೇನೀಗ? ನಮ್ಮ ರಾಜ್ಯದ ಮೇಲಿನ ಅಭಿಮಾನಕ್ಕೆ ಹೇಳಿದ್ದೆ. ಅಭಿಮಾನ ಇರೋದು ತಪ್ಪಾ?"

"ಇರ್ಲಿ ಸಾರ್, ಚೆನ್ನಾಗಿರ್ಲಿ. ಆದ್ರೆ ನಾಳೆ ಬೆಳಗ್ಗೆ ಡ್ರಮ್ಮು ಹೊರೋದು ನಾನು."

ಯಾರೋ ಹೆಂಗಸು ಕಿಸಕ್ಕನೆ ನಕ್ಕು ಬಾಯಿಗೆ ಸೆರಗು ಒತ್ತಿಕೊಂಡಳು. ಮೈಕು ಹಾಳೆಯನ್ನು ಮೇಜಿನಿಂದ ಎತ್ತಿಕೊಂಡರು. ಹರಿಯಲಿಲ್ಲ. ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. "ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇದು ಇರುತ್ತೆ" ಎಂದರು. ಅದು ಯಾರಿಗೆಂದು ಹೇಳಲಿಲ್ಲ.

ಯಜಮಾನರು ಕುರ್ಚಿಯಲ್ಲಿ ಕುಸಿದು ಕೂತರು. "ಸಹಿ ಬೇಡ, ಏನೂ ಬೇಡ. ಕೋಟಿಗೇನ್ ಮಾಡೋದು? ಆ ಬಣ್ಣದ ಬಟ್ಟೆ ಒಂದು ಚೂರಿಲ್ಲ."

ಮಾಸ್ಟರ್ ಪೆನ್ನಿನ ಮುಚ್ಚಳ ಹಾಕಿದರು. ಮೂಲೆಯಲ್ಲಿ ಪೇರಿಸಿಟ್ಟಿದ್ದ ಸೊಂಟಪಟ್ಟಿಗಳ ಕಡೆ ನೋಡುತ್ತಿದ್ದರು. ಪ್ರತಿ ಕೋಟಿಗೂ ಅದೇ ಬಟ್ಟೆಯ ಒಂದು ಅಗಲವಾದ ಸೊಂಟಪಟ್ಟಿ ಹೊಲಿದಿದ್ದೆವು.

"ವಾದ್ಯದವರ ಹತ್ರ ಚರ್ಮದ ಬೆಲ್ಟ್ ಇದೆಯಾ?"

"ಇದೆ, ಹಳೇದು" ಎಂದರು ಡ್ರಮ್ಮಿನವರು.

"ಹಂಗಾದ್ರೆ ಈ ಪಟ್ಟಿ ಬಿಚ್ಚೋಣ. ಮಡಿಕೆ ಬಿಚ್ಚಿದ್ರೆ ಐದಿಂಚು ಅಗಲ, ನಲವತ್ತೆರಡು ಉದ್ದ. ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಕತ್ತರಿಸಿ ನಾಲ್ಕು ತುಂಡು ಮಾಡಿದ್ರೆ ಎರಡೂವರೆ ಅಗಲದ್ದು ನಾಲ್ಕಾಯ್ತು. ಎರಡು ಪಕ್ಕಕ್ಕೆ, ಎರಡು ತೋಳಿನ ಒಳಗೆ. ಕಂಕುಳಿಂದ ಇಳಿಸಿದ್ರೆ ಕೈ ಕೆಳಗಿದ್ದಾಗ ಕಾಣೋದೇ ಇಲ್ಲ. ಭುಜ ಸ್ವಲ್ಪ ಹಿಡಿಯುತ್ತೆ, ಅದನ್ನ ತಡ್ಕೊಬೇಕು."

ಯಜಮಾನರು ಎದ್ದು ನಿಂತರು. "ಸಂಜೆಗೆ ಆಗುತ್ತಾ?"

"ಈಗಲೇ ಕೂತ್ರೆ ಆಗುತ್ತೆ. ಆದ್ರೆ ಒಬ್ಬೊಬ್ಬರ ಮೈಗೂ ಹೊಸದಾಗಿ ಅಳತೆ ತೆಗೀಬೇಕು. ಎಲ್ಲರಿಗೂ ಒಂದೇ ಅಗಲ ಕೂರೋದಿಲ್ಲ." ಮಾಸ್ಟರ್ ಒಂದು ಕ್ಷಣ ತಡೆದರು. "ಟೇಪು, ಸುಣ್ಣ, ಕತ್ತರಿ ಮೂರೂ ನನ್ನ ಕೈಯಲ್ಲೇ ಇರುತ್ತೆ. ಒಪ್ಪಿಗೆ ಇದ್ರೆ ಹೇಳಿ. ಇಲ್ಲದಿದ್ರೆ ಹಿತ್ತಲ ಬಾಗಿಲು ಎಲ್ಲಿದೆ ಅಂತ ನಂಗೆ ಗೊತ್ತು."

ಯಜಮಾನರು ಮೈಕಿನ ಮುಖ ನೋಡಿದರು. ಮೈಕು ಬಾಗಿಲ ಕಡೆ ನೋಡಿದರು. ಅಷ್ಟು ಜನಕ್ಕೆ ಹೊರಗೆ ಹೋಗಿ ಏನು ಹೇಳುವುದು? ನಮ್ಮ ರಾಜ್ಯದ ಎದೆಯನ್ನು ಆಚೆಯವನು ಅಳೆಯುತ್ತಿದ್ದಾನೆ ಎಂದೇ? ಯಾರೂ ಒಪ್ಪಿಗೆ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಮಾಸ್ಟರ್ ಕೊರಳಿನಿಂದ ಟೇಪನ್ನು ತೆಗೆದು ಬೆರಳಿಗೆ ಸುತ್ತತೊಡಗಿದರು. ಮನೆಗೆ ಹೊರಡುವಾಗ ದಿನವೂ ಹಾಗೇ ಸುತ್ತುತ್ತಾರೆ.

ದೊಡ್ಡ ಡ್ರಮ್ಮಿನವರು ಕೋಟನ್ನು ಮೈಯಿಂದ ಸುಲಿದು ಯಂತ್ರದ ಮೇಲೆ ಎಸೆದರು. ಧಪಧಪನೆ ಮೇಜಿನ ಹತ್ತಿರ ಬಂದು ಎರಡೂ ಕೈಗಳನ್ನು ಅಗಲಕ್ಕೆ ಚಾಚಿ ನಿಂತರು.

"ತಗೊಳ್ಳಿ ಮಾಸ್ಟ್ರೇ ಅಳತೆ. ಬೆಳಗ್ಗೆ ಮೂರು ದೋಸೆ ಜಾಸ್ತಿ ತಿಂದಿದ್ದೀನಿ, ಅದನ್ನೂ ಸೇರಿಸ್ಕೊಳ್ಳಿ."

ಮಾಸ್ಟರ್ ಟೇಪು ಬಿಚ್ಚಿದರು. ಅವರ ತೋಳು ಡ್ರಮ್ಮಿನವರ ಬೆನ್ನನ್ನು ಪೂರ್ತಿ ಸುತ್ತಲಿಲ್ಲ. ಇನ್ನೊಂದು ಕಡೆಯಿಂದ ತುದಿ ಹಿಡಿದು ಕೊಡಬೇಕಾಯಿತು. ನಾನು ಹಿಡಿದು ಕೊಟ್ಟೆ.

"ಎದೆ ನಲವತ್ತಾರೂವರೆ" ಎಂದರು.

ಒಬ್ಬರು ಹೇಳಿದರೆ ಇನ್ನೊಬ್ಬರು ಬರೆದುಕೊಳ್ಳಬೇಕು, ಅದು ಪದ್ಧತಿ. ಪುಸ್ತಕ ನನ್ನ ಹತ್ತಿರವಿತ್ತು. ಪೆನ್ಸಿಲ್ ತೆಗೆಯುತ್ತಿದ್ದೆ, ಮಗ ಎರಡನ್ನೂ ನನ್ನ ಕೈಯಿಂದ ತೆಗೆದುಕೊಂಡ.

"ಕೊಡು ಇಲ್ಲಿ. ನಿನ್ನ ಕೈಯಲ್ಲಿ ಸುದ್ದಿ ಕಳಿಸಿ ಏನಾಯ್ತು ಅಂತ ನೋಡಿದ್ದಾಯ್ತು."

ಅದರಲ್ಲಿ ಪ್ರೀತಿ ಇರಲಿಲ್ಲ. ಮುಂದೆ ಎಷ್ಟೋ ದಿನ ಅವನು ನನ್ನ ಹತ್ತಿರ ಹೀಗೇ ಮಾತಾಡಿದ. ನನಗದು ಬರಬೇಕಾದದ್ದೇ. ಅವನು ಪುಸ್ತಕ ತೆರೆದ, ಬರೆಯಲಿಲ್ಲ. ಮೇಜಿನಾಚೆ ನಿಂತವರನ್ನು ನೇರ ನೋಡಿದ. ಒಂದು ವರ್ಷದ ಮೇಲೆ ಮೊದಲ ಸಲ ಅವರಿಗೇ ಮಾತಾಡಿದ.

"ಇದು ಮೈ ಅಳತೆನಾ, ಹೊಲಿಗೆ ಸೇರಿಸಿ ಹೇಳಿದ್ದಾ?"

"ಮೈ ಅಳತೆ" ಎಂದರು ಮಾಸ್ಟರ್. "ಹೊಲಿಗೆದು ಆಮೇಲೆ ನಾನೇ ಸೇರಿಸ್ತೀನಿ. ನೀನು ಪಕ್ಕದಲ್ಲಿ ನಿಂತು ನೋಡು. ಎಲ್ಲಿ ಸೇರಿಸ್ದೆ ಅಂತ ಎರಡು ಸಲ ಕೇಳು, ತಪ್ಪಿಲ್ಲ."

ಮಗ ಬರೆದುಕೊಂಡ. ಹೆಂಗಸರು ಸೊಂಟಪಟ್ಟಿಗಳನ್ನು ಹಂಚಿಕೊಂಡು ಬ್ಲೇಡಿನಿಂದ ಹೊಲಿಗೆ ಬಿಚ್ಚತೊಡಗಿದರು. ನನ್ನ ವಿಷಯ ನಾಳೆ ಮಾತಾಡೋಣ ಎಂದರು ಯಜಮಾನರು, ನಾನು ಸರಿ ಎಂದೆ. ಮೈಕು ಚಿಲಕ ತೆಗೆದು ಹೊರಗೆ ಹೋದರು. ಅಲ್ಲಿ ಏನು ಹೇಳಿದರೋ ನಮಗೆ ಕೇಳಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವರು ಮೆಲ್ಲಗೆ ಮಾತಾಡಿರಬೇಕು. ಕಲ್ಲು ಬೀಳುತ್ತದೆಯೋ, ಬಾಗಿಲು ಮುರಿಯುತ್ತಾರೋ ಎಂದು ನಾವೆಲ್ಲ ಕೈಯಲ್ಲಿನ ಬ್ಲೇಡು ನಿಲ್ಲಿಸಿ ಕಿವಿಗೊಟ್ಟು ಕೂತೆವು. ಮಾಸ್ಟರ್ ಮಾತ್ರ ನಿಲ್ಲಿಸಲಿಲ್ಲ. ಕೊಳಲಿನವನ ಬೆನ್ನಿಗೆ ಟೇಪು ಹಿಡಿದಿದ್ದರು.

ಆಮೇಲೆ ಒಮ್ಮೆಗೇ ಜೈಕಾರ ಶುರುವಾಯಿತು. ನಮ್ಮ ರಾಜ್ಯಕ್ಕೆ ಜಯವಾಗಲಿ ಎಂದು, ಒಬ್ಬರ ಮೇಲೊಬ್ಬರು, ಕಿಟಕಿಯ ಗಾಜು ಅದುರುವ ಹಾಗೆ. ಸಿಟ್ಟೋ ಸಂತೋಷವೋ ಗೊತ್ತಾಗುವಂತಿರಲಿಲ್ಲ. ಮಾಸ್ಟರ್ ಏನೋ ಹೇಳಿದರು. ಮಗ ಕಿವಿಗೆ ಕೈ ಹಿಡಿದು ಮುಂದಕ್ಕೆ ಬಾಗಿದ. "ಏನು? ಎಷ್ಟು?"

ದೊಡ್ಡ ಡ್ರಮ್ಮಿನವರು ಕಿಟಕಿಯ ಹತ್ತಿರ ಹೋಗಿ ತಲೆ ಹೊರ ಹಾಕಿದರು.

"ಸ್ವಲ್ಪ ಸುಮ್ನಿರ್ರಪ್ಪಾ!" ಎಂದು ಗದರಿದರು. "ಒಳಗೆ ಅಳತೆ ಕೇಳಿಸ್ತಿಲ್ಲ!"

ಬೀದಿ ಮೆಲ್ಲಗೆ ತಣ್ಣಗಾಯಿತು. ಮಾಸ್ಟರ್ ಇನ್ನೊಮ್ಮೆ ಹೇಳಿದರು, "ಮೂವತ್ತನಾಲ್ಕು." ಮಗ ಬರೆದುಕೊಂಡ.